ದುಡ್ಡಿಲ್ಲ, ಜನಗಣತಿ ಇಲ್ಲ: ಈ ಫಾರ್ವರ್ಡ್ ನಿಜವೇ?

ಇಲ್ಲ. 2025-26ರ ಬಜೆಟ್‌ನಲ್ಲಿ ಗಣತಿಗೆ ಇಟ್ಟದ್ದು 574.80 ಕೋಟಿ ರೂಪಾಯಿಯಷ್ಟೇ, ಅದು ನಿಜ. ಆದರೆ 2025ರ ನವೆಂಬರ್ 10ರಿಂದ 30ರವರೆಗೆ ಆಯ್ದ ಜಾಗಗಳಲ್ಲಿ ಪೂರ್ವಪರೀಕ್ಷೆ ನಡೆಯಿತು. ಡಿಸೆಂಬರ್ 12ರಂದು ಕೇಂದ್ರ ಸಂಪುಟ 11,718 ಕೋಟಿಗೆ ಒಪ್ಪಿಗೆ ಕೊಟ್ಟಿತು.

ನಮ್ಮ ಚಿಂತೆ ಬೇರೆ. ಹಣದ ಅನುಮಾನ ಬಂದಾಗ ಟ್ರಯಲ್‌ಗೆ ಕತ್ತರಿ ಹಾಕುವುದು ಸುಲಭ. ಅಮೆರಿಕದಲ್ಲಿ 2018ರಲ್ಲಿ ಮೂರು ಕಡೆ ಆಗಬೇಕಿದ್ದ ಮನೆಮನೆ ಎಣಿಕೆಯ ಪರೀಕ್ಷೆ ಒಂದೇ ಕಡೆ ಆಯಿತು. ವೆಸ್ಟ್ ವರ್ಜೀನಿಯಾದ ಹಳ್ಳಿಗಾಡು ಹೊರಗುಳಿಯಿತು.

ಟ್ರಯಲ್ ಯಾಕೆ ಬೇಕು? ವೈಟ್‌ಫೀಲ್ಡ್‌ನ ಪಿಜಿ ರೂಮುಗಳಿಗೆ ಹಗಲು ಬೀಗ. ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿದವರಿಗೆ ಹಗಲೇ ನಿದ್ದೆ. ಒಂದೇ ರೂಮಿನ ನಾಲ್ವರು ಒಂದು ಕುಟುಂಬವೇ? ಈ ಸಲ ಎಣಿಕೆ ಮೊಬೈಲ್ ಆ್ಯಪ್‌ನಲ್ಲಿ ಬೇರೆ. ಗೊಂದಲ ಮೊದಲೇ ಗೊತ್ತಾಗದಿದ್ದರೆ ಲೆಕ್ಕ ತಪ್ಪುವುದು ಇವರದ್ದೇ, ಅದೂ ವರ್ಷಗಟ್ಟಲೆ: ರೇಷನ್ ಫಲಾನುಭವಿಗಳ ಮಿತಿ ನಿಂತಿರುವುದು ಇನ್ನೂ 2011ರ ಜನಸಂಖ್ಯೆಯ ಮೇಲೆ.