ರೊಟ್ಟಿ ಮರೆತರೆ ಬೇಳೆಗೂ ಕುತ್ತು

ಎಳ್ಳ ಅಮಾವಾಸ್ಯೆಯ ದಿನ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಭೂತಾಯಿಗೆ ಪೂಜೆ ಸಲ್ಲಿಸಿ, ಬೆಳೆಯ ಮೇಲೆ ಚರಗ ಚೆಲ್ಲಿ, ಎಲ್ಲರೂ ಕುಳಿತು ಊಟ ಮಾಡುವುದು ವಾಡಿಕೆ. ರೊಟ್ಟಿ, ಕಾಳು-ಸೊಪ್ಪುಗಳ ಭಜ್ಜಿ, ಶೇಂಗಾ ಹಿಂಡಿ ಆ ಬುತ್ತಿಯಲ್ಲಿರುತ್ತವೆ. ಹಬ್ಬ ಇಂದಿಗೂ ತಪ್ಪಿಲ್ಲ. ಆದರೆ ಚರಗ ಚೆಲ್ಲಲು ಜೋಳದ ಹೊಲಗಳೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಇಲ್ಲಿನ ಎರೆ ಭೂಮಿ ಮಳೆಗಾಲದ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ತೇವದಲ್ಲೇ ಬೆಳೆಯುತ್ತದೆ. ಅದಕ್ಕೆ ಕಾಲುವೆಯೂ ಬೇಕಿಲ್ಲ, ಕೊಳವೆ ಬಾವಿಯೂ ಬೇಕಿಲ್ಲ. ತೆನೆ ಮನುಷ್ಯರಿಗೆ, ಕಣಿಕೆ ದನಗಳಿಗೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಹೆಚ್ಚಾದ ಜೋಳವನ್ನು ಹಿಂದೆ ‘ಹಗೇವು’ ಎಂಬ ನೆಲದಡಿಯ ಕಣಜದಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಗಾಳಿಯಾಡದೆ ಹುಳು ಬದುಕುತ್ತಿರಲಿಲ್ಲ. ಬರ ಬಂದ ವರ್ಷ ಆ ಹಗೇವೇ ಮನೆಯವರ ಆಹಾರ ಭದ್ರತೆಯಾಗಿತ್ತು.

ಈ ವ್ಯವಸ್ಥೆ ಸಡಿಲಗೊಳ್ಳಲು ಕಾರಣ ಒಂದೇ ಅಲ್ಲ. ಜೋಳಕ್ಕೆ ಹಕ್ಕಿ ಕಾಯಬೇಕು; ಕೊಯ್ಯಲು, ತೆನೆ ಮುರಿಯಲು ಆಳು ಬೇಕು. ತೊಗರಿ, ಕಡಲೆಗಳಿಗಾದರೆ ಮಾರುಕಟ್ಟೆಯಲ್ಲಿ ಕೈಗೆ ರೊಕ್ಕ ಬರುತ್ತದೆ. ವಾಡಿ, ಶಹಾಬಾದ್‌ಗಳ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಗಳ ಸುತ್ತ ಬೆಳೆದ ಬಡಾವಣೆಗಳಲ್ಲಿ ಹೊಲವಿಲ್ಲದ ಕುಟುಂಬಗಳು ಅಂಗಡಿ ಮತ್ತು ಪಡಿತರವನ್ನೇ ನಂಬಿವೆ. 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಯ ಅಕ್ಕಿಯ ಚಿಂತೆಯನ್ನು ಹಗುರಗೊಳಿಸಿತು. ಅದನ್ನು ಯಾರೂ ಅಲ್ಲಗಳೆಯಲಾರರು. ಜೊತೆಗೆ ಹಿಟ್ಟು ನಾದಿ, ಒಲೆಯ ಮುಂದೆ ಕುಳಿತು ಒಂದೊಂದಾಗಿ ರೊಟ್ಟಿ ಬಡಿಯುವ ಶ್ರಮ ಹೆಂಗಸರದ್ದು. ಕೂಲಿಗೆ ಹೋಗಿ ಬಂದವಳಿಗೆ ಒಂದು ಪಾತ್ರೆ ಅನ್ನ ಇಳಿಸುವುದು ಸುಲಭ.

ಜೋಳ ಹೋದರೂ ತೊಗರಿ ಉಳಿದಿದೆಯಲ್ಲ ಎನ್ನಬಹುದು. ತೊಗರಿಯ ಕಣಜವೆಂದೇ ಹೆಸರಾದ ಜಿಲ್ಲೆ ಇದು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಆದರೆ ತೊಡಕು ಇರುವುದು ಅಲ್ಲಿಯೇ. ತೊಗರಿಗೆ ಬರುವ ನೆಟೆ ರೋಗದ ಶಿಲೀಂಧ್ರ, ಹೊಲದಲ್ಲಿ ಉಳಿದ ಕೂಳೆ-ಬೇರುಗಳಲ್ಲಿ ಸುಮಾರು 3 ವರ್ಷ ಬದುಕಿರಬಲ್ಲದು. ಪ್ರತಿವರ್ಷ ಅದೇ ಹೊಲದಲ್ಲಿ ತೊಗರಿ ಬಿತ್ತಿದರೆ ಅದಕ್ಕೆ ಮೇವು ಹಾಕಿ ಸಾಕಿದಂತೆ. 2022ರ ಮುಂಗಾರು ಹಂಗಾಮಿನ ತೊಗರಿ ಅತಿಯಾದ ತೇವದ ಜೊತೆಗೆ ನೆಟೆ ರೋಗಕ್ಕೂ ತುತ್ತಾಗಿ ಕಲಬುರಗಿ ಸೀಮೆಯಲ್ಲಿ ವ್ಯಾಪಕವಾಗಿ ಒಣಗಿತು. 2023ರಲ್ಲಿ ಸರ್ಕಾರ ಪರಿಹಾರ ಘೋಷಿಸಬೇಕಾಯಿತು.

ಈ ರೋಗಕ್ಕೆ ಹಳೆಯ ಮದ್ದು ಜೋಳವೇ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳು, ಜೋಳದೊಂದಿಗೆ ಬೆಳೆ ಬದಲಿಸಿದಾಗ ಅಥವಾ ಸಾಲಿನ ನಡುವೆ ಜೋಳ ಬಿತ್ತಿದಾಗ ನೆಟೆ ರೋಗ ಗಣನೀಯವಾಗಿ ತಗ್ಗುವುದನ್ನು ತೋರಿಸಿವೆ. ತೊಗರಿಯೂ ತನ್ನ ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕ ಸೇರಿಸಿ ಮುಂದಿನ ಜೋಳಕ್ಕೆ ನೆರವಾಗುತ್ತದೆ. ಹೊಲದಲ್ಲಿ ಕಾಣುವ ಈ ಕೊಡು-ಕೊಳ್ಳುವಿಕೆ ಊಟದ ತಾಟಿನಲ್ಲೂ ಇದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ ಅದು ಹೇರಳ. ರೊಟ್ಟಿ-ಬೇಳೆಯ ಜೋಡಿಯನ್ನು ಹಿರಿಯರು ರುಚಿಗಾಗಿಯಷ್ಟೇ ಕೂಡಿಸಿದ್ದಲ್ಲ ಎನಿಸುತ್ತದೆ.

ಹೀಗಾಗಿ ಮನೆಯೊಳಗೆ ರೊಟ್ಟಿ ಕಡಿಮೆಯಾದರೆ ಹೊಲದಲ್ಲಿ ಜೋಳ ಕಡಿಮೆ; ಜೋಳ ಕಡಿಮೆಯಾದರೆ ಮೇವು, ದನ, ಗೊಬ್ಬರ ಕಡಿಮೆ; ಕೊನೆಗೆ ತೊಗರಿಗೂ ಆಪತ್ತು. ಅತ್ತ, ದೂರದ ನೀರಾವರಿ ಗದ್ದೆಗಳಲ್ಲಿ ಅಪಾರ ನೀರು ಕುಡಿದು ಬೆಳೆದ ಅಕ್ಕಿ ಇಲ್ಲಿಗೆ ಲಾರಿ-ರೈಲು ಏರಿ ಬರಬೇಕು.

ಅಕ್ಕಿ ಬೇಡವೆನ್ನುವುದು ಇದಕ್ಕೆ ಪರಿಹಾರವಲ್ಲ. ಸ್ಥಳೀಯ ಜೋಳವನ್ನೇ ನ್ಯಾಯವಾದ ಬೆಲೆಗೆ ಖರೀದಿಸಿ ಪಡಿತರದಲ್ಲಿ ಕೊಟ್ಟರೆ ರೈತನಿಗೂ ಉಣ್ಣುವವರಿಗೂ ಅನುಕೂಲ. ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಜಿಲ್ಲೆಯ ಮಹಿಳಾ ಸಂಘಗಳು ಈಚೆಗೆ ಆರಂಭಿಸಿರುವ ಮಾರಾಟ ಇನ್ನೊಂದು ದಾರಿ ತೋರಿಸಿದೆ: ರೊಟ್ಟಿ ಬಡಿಯುವ ಕೈಗೆ ಅಲ್ಲಿ ಕೂಲಿಯೂ ಸಿಗುತ್ತದೆ. ಮನೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಹಂಚು ಕಾದರೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಜೋಳದ ಹೊಲವೂ ಉಳಿದೀತು, ಪಕ್ಕದ ತೊಗರಿಯೂ ಉಳಿದೀತು.