ಶಾಲಾ ಮಕ್ಕಳಲ್ಲಿ ದೃಷ್ಟಿನಷ್ಟ: ಕಾರಣಗಳು ಮತ್ತು ನಿವಾರಣೆ

ಕರಿಹಲಗೆಯ ಮೇಲೆ ಬರೆದುದನ್ನು ಓದಲಾರದ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ಹೀಗಳೆಯುವುದುಂಟು. ಇಂತಹ ಹಲವು ಮಕ್ಕಳಲ್ಲಿ ನಿಜವಾದ ದೋಷವಿರುವುದು ಕಣ್ಣಿನಲ್ಲಿ. ಮೊದಲಿನಿಂದಲೂ ಮಸುಕಾಗಿ ಕಾಣುವ ಮಗುವಿಗೆ ಸ್ಪಷ್ಟ ನೋಟವೆಂದರೇನೆಂಬುದೇ ತಿಳಿದಿರುವುದಿಲ್ಲ; ಆದ್ದರಿಂದ ಅದು ದೂರುವುದೂ ಇಲ್ಲ. ದೋಷವನ್ನು ಹಿರಿಯರೇ ಗುರುತಿಸಬೇಕಾಗುತ್ತದೆ.

ವಕ್ರೀಭವನ ದೋಷ

ಶಾಲಾ ವಯಸ್ಸಿನಲ್ಲಿ ದೃಷ್ಟಿ ಕುಂದಲು ಎಲ್ಲಕ್ಕಿಂತ ಮುಖ್ಯ ಕಾರಣ ವಕ್ರೀಭವನ ದೋಷ. ಬೆಳಕಿನ ಕಿರಣಗಳು ಅಕ್ಷಿಪಟಲದ ಮೇಲೆ ಸರಿಯಾಗಿ ಕೇಂದ್ರೀಕೃತವಾಗದಿದ್ದಾಗ ಬಿಂಬವು ಮಸುಕಾಗುತ್ತದೆ. ಕಣ್ಣುಗುಡ್ಡೆ ಹೆಚ್ಚು ಉದ್ದವಾಗಿದ್ದಲ್ಲಿ ಕಿರಣಗಳು ಅಕ್ಷಿಪಟಲದ ಮುಂದೆಯೇ ಕೂಡಿ, ದೂರದ ವಸ್ತುಗಳು ಅಸ್ಪಷ್ಟವಾಗುತ್ತವೆ. ಇದೇ ಸಮೀಪದೃಷ್ಟಿ. ತಕ್ಕ ಕನ್ನಡಕ ಧರಿಸಿದರೆ ನೋಟ ಸರಿಹೋಗುತ್ತದೆ. ದಿನವೂ ಬಯಲಿನಲ್ಲಿ ಆಡುವ ಮಕ್ಕಳಲ್ಲಿ ಈ ದೋಷ ತಲೆದೋರುವ ಸಂಭವ ಕಡಿಮೆಯೆಂದು ಕಂಡುಬಂದಿದೆ.

ಮೆಳ್ಳೆಗಣ್ಣು ಮತ್ತು ಮಂದದೃಷ್ಟಿ

ಒಂದು ಕಣ್ಣು ಓರೆಯಾಗಿದ್ದರೆ, ಅಥವಾ ಎರಡು ಕಣ್ಣುಗಳ ಶಕ್ತಿಯಲ್ಲಿ ಹೆಚ್ಚು ಅಂತರವಿದ್ದರೆ, ಮೆದುಳು ದುರ್ಬಲ ಕಣ್ಣಿನ ಬಿಂಬವನ್ನು ಕಡೆಗಣಿಸತೊಡಗುತ್ತದೆ. ಕ್ರಮೇಣ ಆ ಕಣ್ಣಿನ ದೃಷ್ಟಿ ಮಂದವಾಗುತ್ತದೆ. ಮೆಳ್ಳೆಗಣ್ಣನ್ನು ಅದೃಷ್ಟದ ಚಿಹ್ನೆಯೆಂದು ಭಾವಿಸಿ ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕರ. ಕನ್ನಡಕ ನೀಡಿ, ಒಳ್ಳೆಯ ಕಣ್ಣನ್ನು ವೈದ್ಯರು ಹೇಳಿದಷ್ಟು ಹೊತ್ತು ಮುಚ್ಚಿ, ದುರ್ಬಲ ಕಣ್ಣಿಗೆ ಕೆಲಸ ಕೊಡುವುದೇ ಇದರ ಮುಖ್ಯ ಚಿಕಿತ್ಸೆ. 7-8 ವರ್ಷಗಳೊಳಗೆ ಇದು ಹೆಚ್ಚು ಫಲಕಾರಿ. ತಡವಾದಷ್ಟೂ ಫಲ ಕಡಿಮೆ.

ಅಂಧತ್ವದ ಇತರ ಕಾರಣಗಳು

'ಎ' ಜೀವಸತ್ವದ ಕೊರತೆಯಿಂದ ಮೊದಲು ಇರುಳುಗುರುಡು ಕಾಣಿಸಿಕೊಳ್ಳುತ್ತದೆ. ಬಳಿಕ ಕಣ್ಣಿನ ಬಿಳಿಯ ಭಾಗ ಕಾಂತಿಗುಂದಿ ಒಣಗುತ್ತದೆ. ಕೊನೆಗೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪಟಲ ಹುಣ್ಣಾಗಿ ದೃಷ್ಟಿ ಶಾಶ್ವತವಾಗಿ ನಾಶವಾಗಬಹುದು. ದಡಾರ ಮತ್ತು ಭೇದಿಯಿಂದ ನರಳಿದ ಮಕ್ಕಳಿಗೆ ಈ ಅಪಾಯ ಹೆಚ್ಚು. ಶಾಲೆಗೆ ಸೇರುವ ಮುನ್ನವೇ ಇದನ್ನು ತಡೆಯಲೆಂದು, 9ನೇ ತಿಂಗಳಿನಿಂದ 5 ವರ್ಷದವರೆಗೆ 'ಎ' ಜೀವಸತ್ವದ ದ್ರಾವಣವನ್ನು ಕುಡಿಸಲಾಗುತ್ತದೆ. ನುಗ್ಗೆಸೊಪ್ಪು, ಗಜ್ಜರಿ, ಪರಂಗಿ, ಮಾವು, ಹಾಲು, ಮೊಟ್ಟೆಗಳು ಈ ಸತ್ವವನ್ನು ಒದಗಿಸುತ್ತವೆ.

ಗರ್ಭಿಣಿಗೆ ರುಬೆಲ್ಲಾ ಸೋಂಕು ತಗಲಿದಲ್ಲಿ ಮಗು ಪೊರೆಗಣ್ಣಿನೊಡನೆ ಜನಿಸಬಹುದು. ಲಸಿಕೆಯಿಂದ ಇದನ್ನು ತಡೆಯಬಹುದು.

ಚಿನ್ನಿದಾಂಡು, ಬಿಲ್ಲುಬಾಣ ಮತ್ತು ಪಟಾಕಿಗಳಿಂದ ಆಗುವ ಪೆಟ್ಟುಗಳೂ ಕಣ್ಣನ್ನು ಕಸಿಯುತ್ತವೆ. ಮಕ್ಕಳು ಹಿಸುಕುವ ಸುಣ್ಣದ ಪೊಟ್ಟಣ ಸಿಡಿದರೆ ಕಣ್ಣು ಸುಟ್ಟುಹೋಗುತ್ತದೆ. ತಕ್ಷಣವೇ ಕಣ್ಣನ್ನು ಧಾರಾಳವಾದ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಸೊಪ್ಪಿನ ರಸ, ಎದೆಹಾಲು ಮುಂತಾದವನ್ನು ಕಣ್ಣಿಗೆ ಹಾಕಲೇಬಾರದು.

ಪಾಲಕರು ಮತ್ತು ಉಪಾಧ್ಯಾಯರ ಹೊಣೆ

ಪುಸ್ತಕವನ್ನು ಮುಖದ ಹತ್ತಿರ ಹಿಡಿಯುವುದು, ಕಣ್ಣು ಕಿರಿದು ಮಾಡಿ ನೋಡುವುದು, ಪದೇ ಪದೇ ಕಣ್ಣುಜ್ಜುವುದು, ಓದಿದಾಗ ತಲೆನೋವು ಬರುವುದು, ಮಬ್ಬುಗತ್ತಲಿನಲ್ಲಿ ಎಡವುವುದು ಎಚ್ಚರಿಕೆಯ ಲಕ್ಷಣಗಳು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಂಗವಾಗಿ ಶಾಲೆಗಳಲ್ಲಿ ನೇತ್ರ ತಪಾಸಣೆ ನಡೆಯುತ್ತದೆ. ಬಡ ಮಕ್ಕಳಿಗೆ ಕನ್ನಡಕಗಳನ್ನು ಉಚಿತವಾಗಿ ನೀಡಲಾಗುತ್ತದೆ. ಅಕ್ಷರ ಫಲಕವನ್ನು 6 ಮೀಟರ್ ದೂರದಲ್ಲಿರಿಸಿ, ಒಂದೊಂದೇ ಕಣ್ಣನ್ನು ಮುಚ್ಚಿ ಪರೀಕ್ಷಿಸಲು ಕೆಲವೇ ನಿಮಿಷಗಳು ಸಾಕು. ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆದರೆ, ಕನ್ನಡಕವಿಲ್ಲದ ಕಾರಣಕ್ಕೆ ಮಗುವೊಂದು ವಿದ್ಯೆಯಿಂದ ವಂಚಿತವಾಗುವ ಪ್ರಸಂಗ ಬರಲಾರದು.