ಸಂಬಂಧಾತ್ಮಕ ದತ್ತಸಂಚಯ

ಸಂಬಂಧಾತ್ಮಕ ದತ್ತಸಂಚಯ ಅಥವಾ ರಿಲೇಷನಲ್ ಡೇಟಾಬೇಸ್ ಎಂದರೆ ಮಾಹಿತಿಯನ್ನು ಸಾಲು ಮತ್ತು ಕಾಲಂಗಳುಳ್ಳ ಕೋಷ್ಟಕಗಳಲ್ಲಿ ಸಂಗ್ರಹಿಸಿ, ಆ ಕೋಷ್ಟಕಗಳನ್ನು ಸಮಾನ ಮೌಲ್ಯಗಳ ಮೂಲಕ ಪರಸ್ಪರ ಜೋಡಿಸುವ ವ್ಯವಸ್ಥೆ. ಇದರಿಂದ ಮಾಹಿತಿ ಪಡೆಯಲು, ಸೇರಿಸಲು, ತಿದ್ದಲು ಬಳಸುವ ಭಾಷೆಯನ್ನು ಪ್ರಶ್ನಾ ಭಾಷೆ ಅಥವಾ ಕ್ವೆರಿ ಭಾಷೆ ಎನ್ನುತ್ತಾರೆ. ಇವುಗಳಲ್ಲಿ ಅತ್ಯಂತ ವ್ಯಾಪಕವಾದುದು ಎಸ್‌ಕ್ಯೂಎಲ್. ಬ್ಯಾಂಕ್ ಖಾತೆ, ರೈಲ್ವೆ ಟಿಕೆಟ್, ಪರೀಕ್ಷಾ ಫಲಿತಾಂಶ, ಪಡಿತರ ಚೀಟಿ ಮೊದಲಾದ ದಾಖಲೆಗಳ ನಿರ್ವಹಣೆಗೆ ಈ ಮಾದರಿಯು ಸೂಕ್ತವಾಗಿದೆ. ಪ್ರತಿಯೊಂದು ಸಂಗತಿಯನ್ನು ಒಂದೇ ಕಡೆ ಬರೆದಿಡುವುದು, ಬೇಕಾದಾಗ ಬೇರೆ ಸಂಗತಿಗಳೊಂದಿಗೆ ಜೋಡಿಸಿ ನೋಡುವುದು ಇದರ ಮೂಲತತ್ತ್ವ.

ಇತಿಹಾಸ

1960ರ ದಶಕದ ದತ್ತಸಂಚಯಗಳಲ್ಲಿ ದಾಖಲೆಗಳನ್ನು ಮರದ ಕೊಂಬೆಗಳಂತೆ ಅಥವಾ ಬಲೆಯಂತೆ ಒಂದಕ್ಕೊಂದು ಕಟ್ಟಲಾಗುತ್ತಿತ್ತು. ಮಾಹಿತಿ ಪಡೆಯಲು ಯಾವ ದಾಖಲೆಯಿಂದ ಯಾವ ದಾಖಲೆಗೆ ಹೋಗಬೇಕೆಂಬ ದಾರಿಯನ್ನು ಪ್ರೋಗ್ರಾಂ ಬರೆಯುವವನೇ ಹೇಳಬೇಕಿತ್ತು. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಣಿತದ ಗಣ ಸಿದ್ಧಾಂತವನ್ನು ಆಧರಿಸಿ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಇದಕ್ಕಾಗಿ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 'ಸೀಕ್ವೆಲ್' ಎಂಬ ಪ್ರಶ್ನಾ ಭಾಷೆಯನ್ನು ರೂಪಿಸಿದರು. ಮುಂದೆ ಇದೇ ಎಸ್‌ಕ್ಯೂಎಲ್ ಎಂಬ ಹೆಸರು ಪಡೆಯಿತು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಗಿ, 1987ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು. ಒರಾಕಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಇವು ಈ ಮಾದರಿಯ ಪ್ರಮುಖ ತಂತ್ರಾಂಶಗಳು.

ಪಹಣಿ ಮತ್ತು ಭೂಮಿ ಯೋಜನೆ

ಕರ್ನಾಟಕದಲ್ಲಿ ದತ್ತಸಂಚಯದ ಮಹತ್ತ್ವವನ್ನು ಅರಿಯಲು ಪಹಣಿ ಉತ್ತಮ ಉದಾಹರಣೆ. ಆರ್‌ಟಿಸಿ ಎಂದೂ ಕರೆಯಲಾಗುವ ಪಹಣಿಯು ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳ ದಾಖಲೆ. ಅದರ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮುಂತಾದ ಋಣಭಾರ, 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ಬೆಳೆ ಸಾಲ, ಪರಿಹಾರ, ಜಮೀನಿನ ಮಾರಾಟ ಎಲ್ಲಕ್ಕೂ ಪಹಣಿ ಬೇಕು.

ಹಿಂದೆ ಈ ದಾಖಲೆಗಳು ಗ್ರಾಮಲೆಕ್ಕಿಗರ ಬಳಿ ಕೈಬರಹದ ಪುಸ್ತಕಗಳಲ್ಲಿದ್ದವು. ಕರ್ನಾಟಕ ಸರ್ಕಾರವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ 'ಭೂಮಿ' ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿ ದೊರೆಯುತ್ತಿತ್ತು.

ಕೋಷ್ಟಕಗಳ ರಚನೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ ಮತ್ತು ಮುಡಬಿ, ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ಗ್ರಾಮಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆಳಗಿನ ಕೋಷ್ಟಕಗಳು ಕಲಿಕೆಗಾಗಿ ಸರಳಗೊಳಿಸಿದವು. ಇವುಗಳಲ್ಲಿನ ಖಾತೆದಾರರ ಹೆಸರು, ಸರ್ವೆ ಸಂಖ್ಯೆ ಮತ್ತು ವಿಸ್ತೀರ್ಣ ಕಾಲ್ಪನಿಕ.

ಗ್ರಾಮ

| ಗ್ರಾಮ_ಸಂಖ್ಯೆ | ಹೆಸರು | ತಾಲ್ಲೂಕು |
|---|---|---|
| 1 | ರಾಜೇಶ್ವರ | ಬಸವಕಲ್ಯಾಣ |
| 2 | ಮುಡಬಿ | ಬಸವಕಲ್ಯಾಣ |
| 3 | ದುಬಲಗುಂಡಿ | ಹುಮನಾಬಾದ್ |

ಖಾತೆದಾರ

| ಖಾತೆದಾರ_ಸಂಖ್ಯೆ | ಹೆಸರು |
|---|---|
| 101 | ಶರಣಪ್ಪ |
| 102 | ಕಾಶೀಬಾಯಿ |
| 103 | ಶರಣಪ್ಪ |

ಜಮೀನು

| ಗ್ರಾಮ_ಸಂಖ್ಯೆ | ಸರ್ವೆ | ಹಿಸ್ಸಾ | ಖಾತೆದಾರ_ಸಂಖ್ಯೆ | ಗುಂಟೆ | ಬೆಳೆ |
|---|---|---|---|---|---|
| 1 | 45 | 1 | 101 | 110 | ತೊಗರಿ |
| 1 | 45 | 2 | 102 | 60 | ಸೋಯಾ ಅವರೆ |
| 2 | 12 | 1 | 101 | 90 | ತೊಗರಿ |
| 3 | 8 | 1 | 103 | 80 | |

ಒಂದು ಸಾಲು ಒಂದು ವಸ್ತುವಿನ ವಿವರವನ್ನು ತಿಳಿಸುತ್ತದೆ. ಒಂದು ಕಾಲಂ ಒಂದೇ ಬಗೆಯ ಮೌಲ್ಯಗಳನ್ನು ಹೊಂದಿರುತ್ತದೆ. ವಿಸ್ತೀರ್ಣವನ್ನು ಇಲ್ಲಿ ಎಕರೆ-ಗುಂಟೆಯಲ್ಲಿ ಬರೆಯದೆ ಕೇವಲ ಗುಂಟೆಯಲ್ಲಿ ಬರೆಯಲು ಕಾರಣವಿದೆ. ಒಂದು ಎಕರೆಗೆ 40 ಗುಂಟೆ. 2 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಕೂಡಿಸಿದರೆ 4 ಎಕರೆ 10 ಗುಂಟೆ ಆಗುತ್ತದೆ. ಅದನ್ನೇ 2.30 ಮತ್ತು 1.20 ಎಂದು ದಶಮಾಂಶವಾಗಿ ಬರೆದಿಟ್ಟರೆ ಕಂಪ್ಯೂಟರ್ 3.50 ಎಂಬ ತಪ್ಪು ಮೊತ್ತವನ್ನು ಕೊಡುತ್ತದೆ. ಆದುದರಿಂದ ಪ್ರತಿ ಕಾಲಂಗೆ ಸೂಕ್ತ ದತ್ತಾಂಶ ಪ್ರಕಾರವನ್ನು ಮೊದಲೇ ನಿರ್ಧರಿಸಬೇಕು.

ಕೀಲಿಗಳು

ಒಂದು ಸಾಲನ್ನು ಉಳಿದ ಎಲ್ಲ ಸಾಲುಗಳಿಂದ ಪ್ರತ್ಯೇಕವಾಗಿ ಗುರುತಿಸುವ ಕಾಲಂ ಅಥವಾ ಕಾಲಂಗಳ ಗುಂಪಿಗೆ ಪ್ರಾಥಮಿಕ ಕೀಲಿ ಅಥವಾ ಪ್ರೈಮರಿ ಕೀ ಎಂದು ಹೆಸರು. ಹೆಸರು ಕೀಲಿಯಾಗಲಾರದು. ಮೇಲಿನ ಉದಾಹರಣೆಯಲ್ಲಿ 101 ಮತ್ತು 103 ಇಬ್ಬರೂ ಶರಣಪ್ಪ. ಹೆಸರನ್ನೇ ನಂಬಿದರೆ ಒಬ್ಬರ ಜಮೀನು ಮತ್ತೊಬ್ಬರ ಲೆಕ್ಕಕ್ಕೆ ಸೇರುತ್ತದೆ.

ಜಮೀನು ಕೋಷ್ಟಕದಲ್ಲಿ ಯಾವ ಒಂದು ಕಾಲಂ ಕೂಡ ಕೀಲಿಯಾಗಲು ಸಾಲದು. ಪ್ರತಿ ಊರಿನಲ್ಲೂ 45ನೇ ಸರ್ವೆ ಸಂಖ್ಯೆ ಇರಬಹುದು. ಆ ಸಂಖ್ಯೆಯಲ್ಲೇ ಹಲವು ಹಿಸ್ಸೆಗಳಿರಬಹುದು. ಗ್ರಾಮ, ಸರ್ವೆ, ಹಿಸ್ಸಾ ಮೂರೂ ಸೇರಿದಾಗ ಮಾತ್ರ ಜಮೀನು ಯಾವುದೆಂದು ಖಚಿತವಾಗುತ್ತದೆ. ಇಂಥದ್ದು ಸಂಯುಕ್ತ ಕೀಲಿ. ಭೂಮಿ ಜಾಲತಾಣದಲ್ಲಿ ಪಹಣಿ ನೋಡುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ಸಂಖ್ಯೆ, ಹಿಸ್ಸಾ ಮೊದಲಾದವುಗಳನ್ನು ಒಂದೊಂದಾಗಿ ಆರಿಸಬೇಕಾಗುವುದು ಇದೇ ಕಾರಣಕ್ಕೆ.

ಒಂದು ಕೋಷ್ಟಕದ ಕೀಲಿಯು ಮತ್ತೊಂದು ಕೋಷ್ಟಕದಲ್ಲಿ ಬಂದರೆ ಅದು ಅಲ್ಲಿ ಪರಕೀಯ ಕೀಲಿ ಅಥವಾ ಫಾರಿನ್ ಕೀ. ಜಮೀನು ಕೋಷ್ಟಕದ 'ಖಾತೆದಾರ_ಸಂಖ್ಯೆ' ಅಂಥದ್ದು. ಈ ನಿಯಮವನ್ನು ದತ್ತಸಂಚಯದಲ್ಲಿ ಘೋಷಿಸಿದ್ದರೆ, ಇಲ್ಲದ ಖಾತೆದಾರನ ಹೆಸರಿಗೆ ಜಮೀನು ದಾಖಲಿಸಲು ತಂತ್ರಾಂಶವು ಬಿಡುವುದಿಲ್ಲ.

ನಾರ್ಮಲೈಸೇಶನ್

ಒಂದೇ ಸಂಗತಿ ಹಲವೆಡೆ ಪುನರಾವರ್ತನೆಯಾಗದಂತೆ ಕೋಷ್ಟಕಗಳನ್ನು ವಿಭಜಿಸುವ ಕ್ರಮ ಇದು. ಹುಮನಾಬಾದ್ ತಾಲ್ಲೂಕಿನಿಂದ ಚಿಟಗುಪ್ಪ, ಬಸವಕಲ್ಯಾಣ ತಾಲ್ಲೂಕಿನಿಂದ ಹುಲಸೂರು ಬೇರ್ಪಟ್ಟು ಹೊಸ ತಾಲ್ಲೂಕುಗಳಾದವು. ಪ್ರತಿ ಜಮೀನಿನ ಸಾಲಿನಲ್ಲೂ ತಾಲ್ಲೂಕಿನ ಹೆಸರನ್ನು ಬರೆದಿಟ್ಟಿದ್ದರೆ, ಇಂಥ ಬದಲಾವಣೆಯಾದಾಗ ಸಾವಿರಾರು ಸಾಲುಗಳನ್ನು ತಿದ್ದಬೇಕಾಗುತ್ತದೆ. ಕೆಲವು ಸಾಲು ತಪ್ಪಿಹೋದರೆ ಒಂದೇ ಊರು ಎರಡು ತಾಲ್ಲೂಕುಗಳಲ್ಲಿ ಇರುವಂತೆ ಕಾಣುತ್ತದೆ. ತಾಲ್ಲೂಕು ಗ್ರಾಮ ಕೋಷ್ಟಕದಲ್ಲಿ ಮಾತ್ರ ಇದ್ದರೆ, ಪ್ರತಿ ಗ್ರಾಮಕ್ಕೆ ಒಂದು ಸಾಲು ತಿದ್ದಿದರೆ ಸಾಕು.

ಮೇಲಿನ ಮಾದರಿಗೂ ಮಿತಿಯಿದೆ. ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಒಂದೇ ಜಮೀನಿಗೆ ಹಲವರು ಮಾಲೀಕರಿರುತ್ತಾರೆ. ಎಲ್ಲ ಹೆಸರುಗಳನ್ನು ಒಂದೇ ಕೋಶದಲ್ಲಿ ತುಂಬಿದರೆ ಒಬ್ಬೊಬ್ಬರ ಪಾಲನ್ನು ಹುಡುಕುವುದು ಕಷ್ಟ. ಆಗ ಜಮೀನಿನ ಕೀಲಿ, ಖಾತೆದಾರ ಸಂಖ್ಯೆ ಮತ್ತು ಪಾಲು ಇರುವ ಪ್ರತ್ಯೇಕ ಕೋಷ್ಟಕವನ್ನು ರಚಿಸಬೇಕು.

ಪ್ರಶ್ನಾ ಭಾಷೆ

ಎಸ್‌ಕ್ಯೂಎಲ್ ಘೋಷಣಾತ್ಮಕ ಭಾಷೆ. ಏನು ಬೇಕು ಎಂಬುದನ್ನು ಮಾತ್ರ ಬಳಕೆದಾರ ಹೇಳುತ್ತಾನೆ. ಹೇಗೆ ಹುಡುಕಬೇಕೆಂಬುದನ್ನು ತಂತ್ರಾಂಶ ನಿರ್ಧರಿಸುತ್ತದೆ. ಎಸ್‌ಕ್ಯೂಎಲ್‌ನ ಆಜ್ಞಾಪದಗಳನ್ನು ಕಂಪ್ಯೂಟರಿನಲ್ಲಿ ರೋಮನ್ ಲಿಪಿಯಲ್ಲಿ ಬರೆಯಬೇಕು. ಇಲ್ಲಿ ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ರಾಜೇಶ್ವರದಲ್ಲಿ ತೊಗರಿ ಬೆಳೆದಿರುವ ಜಮೀನುಗಳನ್ನು ಕೇಳುವ ಪ್ರಶ್ನೆ ಹೀಗಿರುತ್ತದೆ:

ಸೆಲೆಕ್ಟ್ ಸರ್ವೆ, ಹಿಸ್ಸಾ, ಗುಂಟೆ
ಫ್ರಮ್ ಜಮೀನು
ವೇರ್ ಗ್ರಾಮ_ಸಂಖ್ಯೆ = 1 ಆ್ಯಂಡ್ ಬೆಳೆ = 'ತೊಗರಿ';

'ಸೆಲೆಕ್ಟ್' ಬೇಕಾದ ಕಾಲಂಗಳನ್ನು, 'ಫ್ರಮ್' ಕೋಷ್ಟಕವನ್ನು, 'ವೇರ್' ಷರತ್ತನ್ನು ಸೂಚಿಸುತ್ತವೆ. ಉತ್ತರವಾಗಿ ಸರ್ವೆ 45, ಹಿಸ್ಸಾ 1, 110 ಗುಂಟೆ ಎಂಬ ಒಂದು ಸಾಲು ಬರುತ್ತದೆ. ಗ್ರಾಮವಾರು ತೊಗರಿ ವಿಸ್ತೀರ್ಣ ಬೇಕಿದ್ದರೆ ಎರಡು ಕೋಷ್ಟಕಗಳನ್ನು ಜೋಡಿಸಬೇಕು:

ಸೆಲೆಕ್ಟ್ ಗ್ರಾಮ.ಹೆಸರು, ಸಮ್(ಜಮೀನು.ಗುಂಟೆ)
ಫ್ರಮ್ ಜಮೀನು
ಜಾಯಿನ್ ಗ್ರಾಮ ಆನ್ ಜಮೀನು.ಗ್ರಾಮ_ಸಂಖ್ಯೆ = ಗ್ರಾಮ.ಗ್ರಾಮ_ಸಂಖ್ಯೆ
ವೇರ್ ಜಮೀನು.ಬೆಳೆ = 'ತೊಗರಿ'
ಗ್ರೂಪ್ ಬೈ ಗ್ರಾಮ.ಹೆಸರು;

ಇದರ ಉತ್ತರ: ರಾಜೇಶ್ವರ 110, ಮುಡಬಿ 90. 'ಜಾಯಿನ್' ಎರಡು ಕೋಷ್ಟಕಗಳ ಹೊಂದುವ ಸಾಲುಗಳನ್ನು ಜೋಡಿಸುತ್ತದೆ. 'ಗ್ರೂಪ್ ಬೈ' ಅವುಗಳನ್ನು ಊರಿನ ಪ್ರಕಾರ ವಿಂಗಡಿಸುತ್ತದೆ. 'ಸಮ್' ಮೊತ್ತ ಹಾಕುತ್ತದೆ. ಹೊಸ ಸಾಲು ಸೇರಿಸಲು 'ಇನ್ಸರ್ಟ್', ತಿದ್ದಲು 'ಅಪ್‌ಡೇಟ್', ಅಳಿಸಲು 'ಡಿಲೀಟ್' ಆಜ್ಞೆಗಳಿವೆ. 'ಅಪ್‌ಡೇಟ್' ಮತ್ತು 'ಡಿಲೀಟ್' ಆಜ್ಞೆಗಳಲ್ಲಿ 'ವೇರ್' ಷರತ್ತನ್ನು ಮರೆತರೆ ಕೋಷ್ಟಕದ ಎಲ್ಲ ಸಾಲುಗಳೂ ಬದಲಾಗುತ್ತವೆ ಅಥವಾ ಅಳಿಸಿಹೋಗುತ್ತವೆ.

ನಲ್ ಮೌಲ್ಯ

ದುಬಲಗುಂಡಿಯ ಸಾಲಿನಲ್ಲಿ ಬೆಳೆಯ ಕೋಶ ಖಾಲಿಯಿದೆ. ಇದನ್ನು ನಲ್ ಎನ್ನುತ್ತಾರೆ. ನಲ್ ಎಂದರೆ ಸೊನ್ನೆಯಲ್ಲ, 'ಪಾಳು' ಎಂಬ ಅರ್ಥವೂ ಅಲ್ಲ. ಮೌಲ್ಯ ದಾಖಲಾಗಿಲ್ಲ ಎಂದಷ್ಟೇ. ಈ ಜಮೀನು 'ಬೆಳೆ ತೊಗರಿ' ಎಂದು ಕೇಳಿದರೆ ಬರುವುದಿಲ್ಲ. 'ಬೆಳೆ ತೊಗರಿಯಲ್ಲ' ಎಂದು ಕೇಳಿದರೂ ಬರುವುದಿಲ್ಲ. ತಿಳಿಯದ ಮೌಲ್ಯವನ್ನು ಯಾವುದರೊಂದಿಗೆ ಹೋಲಿಸಿದರೂ ಉತ್ತರ 'ತಿಳಿಯದು' ಎಂದೇ ಆಗುವುದು ಇದಕ್ಕೆ ಕಾರಣ. ಬೆಳೆ ಹಾನಿ ಪರಿಹಾರದ ಪಟ್ಟಿಯನ್ನು ಇಂಥ ಪ್ರಶ್ನೆಯಿಂದ ತಯಾರಿಸಿದರೆ ಆ ರೈತನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಖಾಲಿ ಕೋಶಗಳನ್ನು 'ಈಸ್ ನಲ್' ಎಂಬ ಷರತ್ತಿನಿಂದ ಪ್ರತ್ಯೇಕವಾಗಿ ಹುಡುಕಬೇಕು.

ವಹಿವಾಟು

45/1ರ 110 ಗುಂಟೆಯಲ್ಲಿ 50 ಗುಂಟೆ ಮಾರಾಟವಾದರೆ ದತ್ತಸಂಚಯದಲ್ಲಿ ಎರಡು ಕೆಲಸ ನಡೆಯಬೇಕು: ಮಾರಿದವನ ವಿಸ್ತೀರ್ಣ 60ಕ್ಕೆ ಇಳಿಯಬೇಕು, ಕೊಂಡವನ ಹೆಸರಿನಲ್ಲಿ 50 ಗುಂಟೆಯ ಹೊಸ ಹಿಸ್ಸೆ ಬರಬೇಕು. ಮೊದಲ ಕೆಲಸವಾದ ಮೇಲೆ ವಿದ್ಯುತ್ ಹೋದರೆ 50 ಗುಂಟೆ ಯಾರ ಹೆಸರಿನಲ್ಲೂ ಇರುವುದಿಲ್ಲ. ಇದನ್ನು ತಡೆಯಲು ಎರಡನ್ನೂ ಒಂದೇ ವಹಿವಾಟಾಗಿ ಕಟ್ಟಲಾಗುತ್ತದೆ. ಆಗ ಎರಡೂ ನಡೆಯುತ್ತವೆ, ಇಲ್ಲವೇ ಎರಡೂ ರದ್ದಾಗುತ್ತವೆ.

ಕನ್ನಡ ಲಿಪಿಯ ಸಮಸ್ಯೆಗಳು

ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್‌ಗಳಲ್ಲಿ ದಾಖಲಿಸಿದ ಪಠ್ಯವನ್ನು ಯೂನಿಕೋಡ್ ಪಠ್ಯದೊಂದಿಗೆ ನೇರವಾಗಿ ಹೋಲಿಸಲಾಗದು. ಯೂನಿಕೋಡ್‌ನಲ್ಲೂ ಒಂದು ತೊಡಕಿದೆ. 'ಕೊಹಿನೂರ' ಎಂಬ ಊರಿನ ಹೆಸರಿನ ಮೊದಲ ಅಕ್ಷರದ ಒ-ಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಪಠ್ಯವನ್ನು ಏಕರೂಪಕ್ಕೆ ತಂದು ಸಂಗ್ರಹಿಸದಿದ್ದರೆ ಇರುವ ದಾಖಲೆಯೂ ಹುಡುಕಿದಾಗ ಸಿಗದೆ ಹೋಗಬಹುದು.

ಮಿತಿಗಳು

ದತ್ತಸಂಚಯವು ತನಗೆ ತಿಳಿಸಿದ ನಿಯಮಗಳಿಗೆ ವಿರುದ್ಧವಾದ ಮಾಹಿತಿಯನ್ನು ಮಾತ್ರ ತಡೆಯಬಲ್ಲದು. ಹಿಸ್ಸೆಗಳ ಮೊತ್ತವು ಸರ್ವೆ ಸಂಖ್ಯೆಯ ಒಟ್ಟು ವಿಸ್ತೀರ್ಣವನ್ನು ಮೀರಬಾರದು ಎಂಬ ನಿಯಮವನ್ನು ಅದು ಪರಿಶೀಲಿಸಬಲ್ಲದು. ಆದರೆ ಹೊಲದಲ್ಲಿ ನಿಜವಾಗಿ ಯಾರು ಉಳುತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯದು. ಹಳೆಯ ಪುಸ್ತಕದಲ್ಲಿನ ತಪ್ಪು ಹಾಗೆಯೇ ನಮೂದಾದರೆ ಅಚ್ಚಾದ ಪಹಣಿಯಲ್ಲೂ ಅದೇ ತಪ್ಪು ಉಳಿಯುತ್ತದೆ. ಆದುದರಿಂದ ಜಮೀನಿನ ಹಕ್ಕು ಬದಲಾವಣೆಯಲ್ಲಿ ನೋಟಿಸ್ ನೀಡುವುದು, ಆಕ್ಷೇಪಣೆ ಕೇಳುವುದು, ಕಂದಾಯ ಅಧಿಕಾರಿಗಳು ಪರಿಶೀಲಿಸುವುದು ಇವೆಲ್ಲ ಗಣಕೀಕರಣದ ನಂತರವೂ ಮುಂದುವರಿದಿವೆ.